ಜಕ್ಕವ್ವನ ಗಂಡಿ

ತೊರವಿನಾಳದಿಂದ ಡೋಣಿ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ, ಎರೆಹೊಲಗಳು ಮುಗಿದು ಕಲ್ಲುನೆಲ ಮೇಲೇಳುವಲ್ಲಿ ಒಂದು ಮರಡಿ ಇದೆ. ಅದರ ನೆತ್ತಿಯ ಮೇಲೆ ಮೂವತ್ತು ನಲವತ್ತು ಬಾರಿಗಿಡಗಳು ದುಂಡಗೆ ಸುತ್ತುಗಟ್ಟಿ ನಿಂತಿವೆ. ದಕ್ಷಿಣದವರು ಇದನ್ನೇ ಎಲಚಿ ಎನ್ನುತ್ತಾರೆ. ಕೊಂಬೆಗೆ ಕೊಂಬೆ ಹೆಣೆದುಕೊಂಡು ನಾಯಿಯೂ ನುಸುಳದಷ್ಟು ಒತ್ತಾದ ಬೇಲಿಯಾಗಿದೆ. ಮೂಡಲ ದಿಕ್ಕಿಗೆ ಮಾತ್ರ ಒಂದು ಸಂದಿ ಬಿಟ್ಟಿದೆ. ಬೇಲಿಯಲ್ಲಿ ಬಿಟ್ಟ ಇಂಥ ಸಂದಿಗೆ ಈ ಸೀಮೆಯಲ್ಲಿ ಗಂಡಿ ಎಂದು ಹೆಸರು. ಒಳಗೆ ಗುಡಿಯಿಲ್ಲ, ಮೂರ್ತಿಯಿಲ್ಲ. ಒಂದು ಗುಡಿಸಲಿನ ಬುಡದ ಕಲ್ಲುಗಳು ಉಳಿದಿವೆ, ಅಷ್ಟೆ. ಆದರೂ ಇಡೀ ಮರಡಿಯನ್ನು ಎಲ್ಲರೂ ಜಕ್ಕವ್ವನ ಗಂಡಿ ಎಂದೇ ಕರೆಯುತ್ತಾರೆ. ಬೇಲಿ ಬೆಳೆಸಿದವಳ ಹೆಸರು ಬೇಲಿಗೆ ನಿಲ್ಲದೆ ಗಂಡಿಗೆ ನಿಂತದ್ದು ಹೇಗೆಂಬುದನ್ನು ಆ ಊರಿನ ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಬಯಲಿನಲ್ಲಿ ತೋಳಗಳು ಹಗಲೂ ಓಡಾಡುತ್ತಿದ್ದ ಕಾಲದಲ್ಲಿ, ಅಮೋಗಿ ಎಂಬ ಕುರುಬನೂ ಅವನ ಹೆಂಡತಿ ಜಕ್ಕವ್ವನೂ ಮರಡಿಯ ಮೇಲೆ ಕುರಿ ದಡ್ಡಿ ಹಾಕಿದ್ದರು. ದಡ್ಡಿಯೆಂದರೆ ಕಡಿದ ಮುಳ್ಳಿನ ಕೊಂಬೆಗಳನ್ನು ಸುತ್ತ ಒಟ್ಟಿ ಮಾಡಿದ ದೊಡ್ಡಿ. ಹೊತ್ತು ಮುಳುಗುವಾಗ ಕುರಿಗಳು ಒಳಸೇರಿದ ಮೇಲೆ, ಎಲ್ಲರಿಗಿಂತ ಕೊನೆಗೆ ಬಂದವರು ಗಂಡಿಗೆ ಒಂದು ದೊಡ್ಡ ಮುಳ್ಳುಕೊಂಬೆಯನ್ನು ಎಳೆದು ಮುಚ್ಚಬೇಕು. ಇದು ಯಾರಿಗೂ ಹೇಳಿಕೊಡಬೇಕಾದ ಕೆಲಸವಲ್ಲ. ಹಿಂದೆ ಯಾರೂ ಇಲ್ಲವೆಂದರೆ ಕೈ ತಾನಾಗಿ ಮುಳ್ಳಿಗೆ ಹೋಗುತ್ತದೆ. ಆ ಸಂಜೆ ಜಕ್ಕವ್ವನ ಎರಡೂ ತೋಳುಗಳಲ್ಲಿ ಆಗತಾನೆ ಹುಟ್ಟಿದ ಮರಿಗಳಿದ್ದವು. ಅಮೋಗಿ ಕುಂಟುವ ಕುರಿಯೊಂದನ್ನು ಹೆಗಲ ಮೇಲೆ ಹೊತ್ತಿದ್ದ. ಗಂಡ ಹಿಂದಿದ್ದಾನೆ ಎಂದು ಅವಳು ತಿಳಿದಳು, ಹೆಂಡತಿ ಹಿಂದಿದ್ದಾಳೆ ಎಂದು ಅವನು ತಿಳಿದ. ಮುಳ್ಳನ್ನು ಯಾರೂ ಎಳೆಯಲಿಲ್ಲ. ಒಲೆ ಹೊತ್ತಿಸಿ ತಿರುಗಿ ನೋಡುವಷ್ಟರಲ್ಲಿ, ಬೆನ್ನಿನ ಜೋಳಿಗೆಯಿಂದ ಇಳಿಸಿ ಕಂಬಳಿಯ ಮೇಲೆ ಮಲಗಿಸಿದ್ದ ಎರಡು ವರ್ಷದ ಮಗ ಮಾಳಿಂಗ ಇರಲಿಲ್ಲ. ಮೂರು ಹೊಲದಾಚೆ ಅವನ ತಲೆಯ ಕುಲಾಯಿ ಸಿಕ್ಕಿತು.

ಜಕ್ಕವ್ವ ಅಳಲಿಲ್ಲ. ಹಾಲು ಹಿಂಡಿದಳು, ರೊಟ್ಟಿ ತಟ್ಟಿದಳು, ಕರೆದರೆ ಓ ಎಂದಳು. ಅವಳ ಒಳಗೆ ಒಂದೇ ಒಂದು ಮಾತು ತಿರುಗುತ್ತಿತ್ತು: ಕೊನೆಗೆ ಒಳಗೆ ಬಂದವರು ಯಾರು? ಅದನ್ನು ಗಂಡ ಕೇಳಲಿಲ್ಲ, ಅವಳೂ ಕೇಳಲಿಲ್ಲ. ದೀಪಾವಳಿ ಕಳೆದು ಕುರಿಗಳು ಬೇರೆ ಸೀಮೆಗೆ ಹೊರಟಾಗ, "ನೀ ಹೋಗು, ನಾ ಬರೂದಿಲ್ಲ" ಎಂದಳು. ಗುಡಿಸಲು ಕಟ್ಟಿಕೊಂಡು ಮರಡಿಯ ಮೇಲೆಯೇ ಉಳಿದಳು. ಯಾರೂ ಎಳೆಯಬೇಕಾಗಿಲ್ಲದ, ಯಾರೂ ಮರೆಯಲಾಗದ ಬೇಲಿಯೊಂದು ಅವಳಿಗೆ ಬೇಕಾಗಿತ್ತು. ಕುರಿಗಳು ಬಾರಿಹಣ್ಣು ತಿಂದು ದಡ್ಡಿಯಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತವೆ. ಆ ಬೀಜಗಳನ್ನು ಹಿಕ್ಕೆಯ ನಡುವಿನಿಂದ ಆರಿಸಿ, ಕಲ್ಲಿನಿಂದ ಮೆಲ್ಲಗೆ ಬಿರಿಯುವಷ್ಟು ಕುಟ್ಟಿ, ಮುಂಗಾರಿನ ಮಿರಗದ ಮಳೆಗೆ ಮಾರುದ್ದಕ್ಕೊಂದರಂತೆ ಗುಡಿಸಲು, ದಡ್ಡಿ ಎರಡರ ಸುತ್ತ ಊರಿದಳು. ಮೊದಲ ಬೇಸಿಗೆ ಹಳ್ಳದಿಂದ ಕೊಡ ಹೊತ್ತು ನೀರುಣಿಸಿದಳು. ಎರಡನೆಯ ಬೇಸಿಗೆ ಎಲೆ ಉದುರಿದಾಗ ತುದಿಗಳನ್ನು ಕತ್ತರಿಸಿದಳು. ಕತ್ತರಿಸಿದಷ್ಟೂ ಗಿಡ ಅಡ್ಡಡ್ಡ ಹಬ್ಬಿತು.

ಮನೆಯಂಗಳದಲ್ಲಿ ಮುಳ್ಳಿನ ಗಿಡ ಬೆಳೆಸಬಾರದೆಂಬ ನಂಬಿಕೆ ಆಗಲೂ ಇತ್ತು. ಊರಿನ ಹೆಂಗಸರು ಹಳ್ಳದ ದಂಡೆಯಲ್ಲಿ ಆಡಿಕೊಂಡರು. "ಮಂದಿ ತುಳಸಿ ಹಚ್ಚತಾರ, ಈಕಿ ಮುಳ್ಳು ಹಚ್ಚ್ಯಾಳ. ಬೀಗರು ಬಂದರ ಧೋತರ ಅಲ್ಲೇ ಬಿಟ್ಟು ಹೋಗಬೇಕು" ಎಂದು ಒಬ್ಬಳು ನಗಿಸಿದಳು. ಗೌಡನ ತಾಯಿ ಬಸಲಿಂಗವ್ವ ಮಾತ್ರ ನಗದೆ ಮರಡಿ ಹತ್ತಿ ಬಂದಳು. "ತಂಗಿ, ಬಾಗಿಲ ಮುಂದ ಮುಳ್ಳು ಇದ್ದ ಮನಿಗೆ ಕೇಡು ಬರತೈತಿ. ಕಿತ್ತು ಒಗಿ" ಎಂದಳು.

"ಕೇಡು ಬಂದು ಹೋಗೈತ್ರಿ ಎವ್ವಾ" ಎಂದಳು ಜಕ್ಕವ್ವ. "ಆವಾಗ ಇಲ್ಲಿ ಗಿಡ ಇರಲಿಲ್ಲ."

ಬಸಲಿಂಗವ್ವ ಸೆರಗಿಗೆ ಸಿಕ್ಕಿದ ಮುಳ್ಳನ್ನು ಬಿಡಿಸಿಕೊಂಡು ಇಳಿದು ಹೋದಳು. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಅಮೋಗಿ ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಕುರಿ ಹೊಡೆದುಕೊಂಡು ಬರುತ್ತಿದ್ದ, ಹಿಟ್ಟು ಕೊಟ್ಟು ಹೋಗುತ್ತಿದ್ದ. ನಾಲ್ಕನೆಯ ವರ್ಷ ಅವನು ಬರುವಾಗ ಬೇಲಿ ಆಳೆತ್ತರವಾಗಿತ್ತು. ಒಬ್ಬರು ನುಸುಳುವಷ್ಟು ಗಂಡಿ ಮಾತ್ರ ಉಳಿದಿತ್ತು. ಅದರ ಮುಂದೆ ಜಕ್ಕವ್ವ ತಗ್ಗು ತೋಡುತ್ತಿದ್ದಳು. ಪಕ್ಕದಲ್ಲಿ ಮಣ್ಣಿನ ಹೆಂಟೆಸಮೇತ ಅಗೆದು ತಂದ ಎರಡು ಗಿಡಗಳಿದ್ದವು.

"ಏನ ಮಾಡಾಕತ್ತೀ?" ಎಂದ.

"ಇದನ್ನೂ ಮುಚ್ಚತೀನಿ. ನಾ ಒಳಗ ಇರತೀನಿ."

"ಹೊರಗ ಹೆಂಗ ಬರತೀ?"

"ಬರೂದೇನೈತಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉಪ್ಪಿಲ್ಲ ಎಂದು ಹೇಳುವಂತೆ ಹೇಳಿದಳು. ಅಮೋಗಿ ಕೋಲನ್ನು ನೆಲಕ್ಕಿಟ್ಟು ಕುಳಿತ. "ಅವತ್ತ ಕಡೀಕ ಬಂದಾಂವ ನಾನ, ಜಕ್ಕಿ. ಮುಳ್ಳು ನಾ ಎಳೀಬೇಕಾಗಿತ್ತು" ಎಂದ.

"ಸುಳ್ಳು ಹೇಳಬ್ಯಾಡ. ನಿನ್ನ ಕೆಮ್ಮು ನನ್ನ ಮುಂದ ಕೇಳಿತ್ತು. ನಾ ಹಿಂದಿದ್ದೆ."

"ನಿನ್ನ ಕಾಲುಂಗುರದ ಸಪ್ಪಳ ನನ್ನ ಮುಂದಿತ್ತು."

"ನಿನಗ ಕಿವಿ ಯಾವಾಗ ಕೇಳಸತಿದ್ದವು?"

"ನಿನ್ನಕಿಂತ ಚಲೋ ಕೇಳತಾವ."

ಮಗ ಹೋದ ಮೇಲೆ ಅವರಿಬ್ಬರೂ ಇಷ್ಟು ಮಾತಾಡಿದ್ದು ಅದೇ ಮೊದಲು ಎನ್ನುತ್ತಾರೆ. ತಪ್ಪು ತನ್ನದೆಂದು ಇಬ್ಬರೂ ಹಟ ಹಿಡಿದರು. ಇಬ್ಬರಲ್ಲಿ ಯಾರೂ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಹೊತ್ತು ಇಳಿಯಿತು. ಕುರಿಗಳು ಯಾರ ಅಪ್ಪಣೆಗೂ ಕಾಯದೆ ತಗ್ಗನ್ನು ಹಾರಿ ಒಂದೊಂದಾಗಿ ಒಳಗೆ ಹೋದವು. ಗಂಡಹೆಂಡಿರು ಹೊರಗೆ ಉಳಿದರು. "ನಡಿ" ಎಂದ ಅಮೋಗಿ. "ನೀ ನಡಿ" ಎಂದಳು ಅವಳು. ಮೊದಲು ಹೋದವರು ಇನ್ನೊಬ್ಬರನ್ನು ಕೊನೆಯವರನ್ನಾಗಿ ಮಾಡಿದಂತೆ. ಅದು ಇಬ್ಬರಿಗೂ ಆಗಲಿಲ್ಲ. ಕಡೆಗೆ ಭುಜಕ್ಕೆ ಭುಜ ಒತ್ತಿಕೊಂಡು, ಅಡ್ಡಡ್ಡವಾಗಿ, ಒಟ್ಟಿಗೇ ನುಗ್ಗಿದರು. ಅವನ ಕಂಬಳಿ ಒಂದು ಕಡೆ ಹರಿಯಿತು, ಅವಳ ತೋಳು ಇನ್ನೊಂದು ಕಡೆ ಗೀರಿತು. ಒಳಗೆ ನಿಂತು ಒಂದು ಮುಳ್ಳುಕೊಂಬೆಗೆ ನಾಲ್ಕೂ ಕೈ ಹಾಕಿ ಎಳೆದರು. ಮರುದಿನ ಅಮೋಗಿ ತಗ್ಗನ್ನು ಮುಚ್ಚಿದ. ಜಕ್ಕವ್ವ ಕುಡುಗೋಲು ತಂದು ತಾನೇ ನೆಟ್ಟ ಒಂದು ಗಿಡವನ್ನು ಬುಡಕ್ಕೆ ಕಡಿದು ಗಂಡಿಯನ್ನು ಅಗಲ ಮಾಡಿದಳು. ಆಮೇಲೆ ಅವಳು ನಕ್ಕಳೆಂದಾಗಲಿ ಅತ್ತಳೆಂದಾಗಲಿ ಯಾರೂ ಹೇಳುವುದಿಲ್ಲ. ಆ ಚಳಿಗಾಲ ಕುರಿಗಳ ಜೊತೆ ಹೋದಳು ಎಂದಷ್ಟೇ ಹೇಳುತ್ತಾರೆ.

ಈಗ ಹಣ್ಣಿನ ಕಾಲದಲ್ಲಿ ಸುತ್ತಲಿನ ಹಳ್ಳಿಯವರು ಇಲ್ಲಿಗೆ ಬರುತ್ತಾರೆ, ಕುರುಬರಲ್ಲದವರೂ ಬರುತ್ತಾರೆ. ಗಂಡಿಯನ್ನು ಯಾರೂ ಒಬ್ಬರೇ ದಾಟುವುದಿಲ್ಲ. ಇಬ್ಬಿಬ್ಬರಾಗಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಒಳಗೆ ಹೋಗುತ್ತಾರೆ. ದಾರಿಹೋಕರು ಕೆಲವೊಮ್ಮೆ ಅಲ್ಲಿ ಒಬ್ಬನೇ ಮನುಷ್ಯ ಬಿಸಿಲಲ್ಲಿ ಸುಮ್ಮನೆ ನಿಂತಿರುವುದನ್ನು ಕಾಣುತ್ತಾರೆ. ಅವನು ಏನನ್ನೂ ಕಳೆದುಕೊಂಡಿಲ್ಲ, ದಾರಿ ತಪ್ಪಿಯೂ ಇಲ್ಲ. ಜೊತೆಗೆ ಒಳಗೆ ಹೋಗಲು ಇನ್ನೊಬ್ಬರು ಬರಲಿ ಎಂದು ಕಾಯುತ್ತಿರುತ್ತಾನೆ.