ಮಸಿಬಟ್ಟೆಯ ಪದರಗಳು

ಕರೆಯುವ ಮೊದಲೇ ಬಂದು ನಿಲ್ಲುವ ಕರುಣಾಳುವಿಗೆ ಶರಣು. ನಾಲಿಗೆಯಲ್ಲಿ ನಿಂತು ನುಡಿಸುವವನು ಅವನೇ; ನುಡಿ ತಪ್ಪಿದರೆ ತಿದ್ದುವವನೂ ಅವನೇ.

ಒಬ್ಬ ಶಿಷ್ಯನ ತಮ್ಮ ತೀರಿಕೊಂಡಿದ್ದ. ಕರ್ಮಗಳೆಲ್ಲ ಮುಗಿದ ಮೇಲೆ ಶಿಷ್ಯ ಗುರುಗಳ ಬಳಿಗೆ ಬಂದ. ನಮಸ್ಕರಿಸಿದ, ಆದರೆ ಎಂದಿನಂತೆ ಕೈ ಮುಗಿದು ನಿಲ್ಲಲಿಲ್ಲ.

"ಗುರುಗಳೇ, ನನ್ನ ತಮ್ಮ ಹಾಸಿಗೆ ಹಿಡಿದಿದ್ದಾಗಲೂ ದೇವರನ್ನು ಕೂಗಿದೆ, ಅವನು ಹೋದ ಮೇಲೂ ಕೂಗಿದೆ. ದೇವರು ಬರಲಿಲ್ಲ. ಬಂದವರು ನೆರೆಹೊರೆಯವರು ಮಾತ್ರ. ಒಬ್ಬರು ಬುತ್ತಿ ತಂದರು, ಒಬ್ಬರು ನೀರು ಸೇದಿಕೊಟ್ಟರು, ಒಬ್ಬರು ಸುಮ್ಮನೆ ಜಗಲಿಯ ಮೇಲೆ ಕೂತು ಎದ್ದುಹೋದರು. ಎದೆಯ ಬೆಂಕಿ ಹಾಗೇ ಇದೆ. ದೇವರು ಇದ್ದೂ ಏನು ಮಾಡಿದ? ಇದಕ್ಕೆ ಉತ್ತರ ಸಿಗದಿದ್ದರೆ ನಾಳೆಯಿಂದ ನಾನು ಪೂಜೆಗೆ ಕೂರುವುದಿಲ್ಲ."

ಗುರುಗಳು ಬೇಸರಪಡಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ರವಿಕೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಎಲ್ಲ ಮನೆಯ ಬಟ್ಟೆಯೂ ಅವಳ ಕತ್ತರಿಗೆ ಬರುತ್ತಿತ್ತು. ಉಳಿದ ಚೂರುಗಳನ್ನು ಅವಳು ಎಸೆಯುತ್ತಿರಲಿಲ್ಲ. ಒಂದು ಚೀಲಕ್ಕೆ ತುಂಬಿಡುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು. ಆಗಷ್ಟೇ ಗಂಜಿ ಉಣ್ಣಲು ಕಲಿತ ಕೂಸೊಂದನ್ನು ತಾಯಿಯ ಮಡಿಲಿಗೆ ಬಿಟ್ಟು ಆ ಮಗಳು ತೀರಿಕೊಂಡಳು.

ಸೂತಕ ಇರುವಷ್ಟು ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಊರಿನವರೇ ಊಟ ತಂದಿಟ್ಟರು. ಸೂತಕ ಕಳೆದ ದಿನ ಹೆಂಗಸರು ಬಂದು ನೆಲ ಸಾರಿಸಿದರು, ಹಳೆಯ ಮಡಕೆಗಳನ್ನು ಒಡೆದರು, ಅಡುಗೆಮನೆಯ ಹಳೆಯ ಬಟ್ಟೆಗಳನ್ನೆಲ್ಲ ಊರಾಚೆ ಹಾಕಿದರು. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯೂ ಅದರ ಜೊತೆ ಹೋಯಿತು. ಆ ಊರಿನ ಪದ್ಧತಿ ಹಾಗೆ. ಒಲೆಗೆ ಮತ್ತೆ ಬೆಂಕಿ ಹಾಕುವವಳು ಮನೆಯಾಕೆಯೇ. ಹೊಸ ಮಸಿಬಟ್ಟೆ ಹೊಲಿದು ಮೊದಲ ಪಾತ್ರೆ ಇಳಿಸುವವಳೂ ಅವಳೇ.

ಹೆಂಗಸು ಒಲ್ಲೆ ಎಂದಳು. ಒಲೆ ಉರಿದರೆ ಮಗಳಿಲ್ಲದ ಮನೆಯೂ ಮನೆಯಾಗಿಬಿಡುತ್ತದಲ್ಲ ಎಂಬ ಭಯ ಅವಳಿಗೆ. ಕೂಸು ಹಸಿದು ಅಳುತ್ತಿತ್ತು. ಆದರೂ ಒಲ್ಲೆ ಎಂದಳು.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಬಾಯಿ ಜೋರಿನವಳು. ಕೂಸನ್ನು ಎತ್ತಿಕೊಂಡು ಹೇಳಿದಳು:

"ನಿನ್ನ ದುಃಖ ನಿನಗಿರಲಿ ಕಣೇ, ಕೂಸಿನ ಹೊಟ್ಟೆಗೆ ಯಾವ ಸೂತಕ? ಊರಿಗೆಲ್ಲ ರವಿಕೆ ಹೊಲಿದವಳಿಗೆ ಒಂದು ಮಸಿಬಟ್ಟೆ ಹೊಲಿಯೋಕೆ ಬರಲ್ವಾ? ಬರಲ್ಲ ಅಂದುಬಿಡು, ನಾನೇ ಹೊಲೀತೀನಿ. ನಾಳೆಯಿಂದ ಈ ಊರಿಗೆ ನಾನೇ ದರ್ಜಿ. ಯಾರ ತೋಳು ಯಾರ ಕುತ್ತಿಗೆಗೆ ಬರುತ್ತೋ ದೇವರೇ ಬಲ್ಲ!"

ಹೆಂಗಸು ಎದ್ದಳು. ಚೀಲದ ಕಡೆ ನೋಡಿದಳು; ಮುಟ್ಟಲಿಲ್ಲ. ಮಗಳ ಮದುವೆಯ ರವಿಕೆಯ ಚೂರೂ ಅದರಲ್ಲೇ ಇತ್ತು. ಅದು ಕಣ್ಣಿಗೆ ಬೀಳಬಾರದೆಂದು, ಬೇರೆ ಹೊಸ ಬಟ್ಟೆಯೊಂದನ್ನು ತೆಗೆದು ಒಂದೇ ಪದರಕ್ಕೆ ಅಂಚು ಮಡಿಸಿ ಹೊಲಿದಳು. ಒಲೆ ಹೊತ್ತಿತು. ಗಂಜಿ ಕುದಿಯಿತು. ಪಾತ್ರೆಯನ್ನು ಹಿಡಿದ ಕೂಡಲೇ ಅಂಗೈ ಚುರುಗುಟ್ಟಿತು. ಪಾತ್ರೆ ಜಾರಿ, ಗಂಜಿಯೆಲ್ಲ ಬೂದಿಯ ಪಾಲಾಯಿತು. ಕೂಸು ಇನ್ನೂ ಜೋರಾಗಿ ಅತ್ತಿತು.

ಮುದುಕಿ ಅವಳ ಅಂಗೈಗೆ ನೀರು ಹೊಯ್ದಳು. ಈಗ ಬೈಯಲಿಲ್ಲ. "ಒಂದು ಪದರ ನಂಬಿಕೊಂಡು ಬೆಂಕಿಗೆ ಕೈ ಹಾಕಿದೆಯಲ್ಲೇ ತಾಯಿ. ಚೀಲ ಬಿಚ್ಚು," ಎಂದಳು.

ಹೆಂಗಸು ಚೀಲ ಬಿಚ್ಚಿ ನೆಲಕ್ಕೆ ಸುರಿದಳು. ಕುಂಬಾರರ ಸೊಸೆಯ ಸೀಮಂತದ ರವಿಕೆಯ ಹಸಿರು ಇತ್ತು, ಗೌಡರ ತಾಯಿಯ ಬಿಳಿ ಇತ್ತು, ಇದೇ ಮುದುಕಿಯ ಮಾಸಿದ ನೀಲಿಯೂ ಇತ್ತು. ಯಾವ ಚೂರೂ ಅಂಗೈಯಷ್ಟು ಅಗಲವಿರಲಿಲ್ಲ. ಒಂದರ ಅಂಚಿಗೆ ಒಂದು ಕೂಡಿಸಿದಳು, ಒಂದರ ಮೇಲೆ ಒಂದು ಹಾಸಿದಳು. ಮಗಳ ಮದುವೆಯ ರವಿಕೆಯ ಕೆಂಪು ಚೂರು ಕೈಗೆ ಬಂದಾಗ ಅದರ ಸುಕ್ಕನ್ನು ಬೆರಳಿನಿಂದ ತೀಡಿದಳು. ಆಮೇಲೆ ಅದನ್ನು ಎಲ್ಲಕ್ಕಿಂತ ಮೇಲೆ, ತನ್ನ ಅಂಗೈ ತಾಗುವ ಕಡೆಗೆ ಇಟ್ಟು, ಪದರಗಳನ್ನೆಲ್ಲ ಸೇರಿಸಿ ಒತ್ತಾಗಿ ದಾರ ಹಾಕಿದಳು.

ಮತ್ತೆ ಗಂಜಿ ಕುದಿಯಿತು. ಹೊಸ ಮಸಿಬಟ್ಟೆಯಿಂದ ಪಾತ್ರೆ ಹಿಡಿದಳು, ಎತ್ತಿದಳು, ನೆಲಕ್ಕೆ ಇಳಿಸಿದಳು. ಮಸಿಬಟ್ಟೆಯನ್ನು ತಿರುಗಿಸಿ ನೋಡಿದಳು. ಪಾತ್ರೆಗೆ ತಾಗಿದ ಪದರ ಕಮರಿ ಕಪ್ಪಾಗಿತ್ತು. ಅದು ಸೀಳಿದ ಕಡೆ ಕಂಡ ಹಿಂದಿನ ಪದರ ಕಂದಿತ್ತು. ಅಂಗೈ ಕಡೆಯ ಕೆಂಪು ಚೂರು ಬೆಚ್ಚಗಿತ್ತು. ಮಗಳ ಕೈ ಹಿಡಿದಷ್ಟೇ ಬೆಚ್ಚಗೆ.

"ಅಜ್ಜೀ, ಇಷ್ಟು ಬೆಂಕಿಯನ್ನು ತಡೆದ ಚೂರು ಇದರಲ್ಲಿ ಯಾವುದು?"

"ಯಾವುದೂ ತಡೀಲಿಲ್ಲ ಕಣೇ. ಒಂದೊಂದೂ ತನ್ನ ಪಾಲು ಹೊತ್ಕೊಂಡು, ಮಿಕ್ಕಿದ್ದನ್ನ ಮುಂದಕ್ಕೆ ಬಿಡ್ತು. ನೋಡ್ತಾ ಕೂತರೆ ಆಯ್ತಾ? ಗಂಜಿ ಆರಿಸು."

ಹೆಂಗಸು ಗಂಜಿ ಆರಿಸಿ ಉಣಿಸಿದಳು. ಕೂಸು ಉಂಡು ಅವಳ ಮಡಿಲಲ್ಲೇ ನಿದ್ದೆ ಹೋಯಿತು.

ಗುರುಗಳು ಕಥೆ ಮುಗಿಸಿದರು. ಶಿಷ್ಯ ತಲೆ ತಗ್ಗಿಸಿ ಕೇಳಿದ: "ಕೂಸು ಉಂಡಿತು, ಸಂತೋಷ. ಆದರೆ ನನ್ನ ಎದೆ ಇನ್ನೂ ಸುಡುತ್ತಿದೆಯಲ್ಲ, ಗುರುಗಳೇ?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಬುತ್ತಿ ತಂದವರು, ನೀರು ಸೇದಿದವರು, ಜಗಲಿಯಲ್ಲಿ ಕೂತವರು ಒಂದೊಂದು ಪದರ. ನಿನ್ನವರೆಗೆ ಬಂದದ್ದು ಮಿಕ್ಕ ಬಿಸಿ, ಮಗು. ಅವರೆಲ್ಲರಿಗಿಂತ ಮುಂದೆ ನಿಂತು ಮೊದಲ ಉರಿಯನ್ನು ಹೊತ್ತವನು ಯಾರು?"

ಶಿಷ್ಯ ಎದ್ದು, ಎಂದಿನಂತೆ ಕೈ ಮುಗಿದು ನಿಂತ.

ಇದನ್ನು ಕೇಳಿದವರೆಲ್ಲರಿಗೂ ಒಳಿತಾಗಲಿ. ಅವರ ಮನೆಯ ಕೂಸುಗಳು ಹಸಿದು ಮಲಗದಿರಲಿ; ಸುಡುವ ಹೊತ್ತಿನಲ್ಲಿ ಅವರ ಕೈ ಬರಿದಾಗದಿರಲಿ.