ಲೋಳೆಸರದೊಳಗೆ ಉಳಿದ ಮೋಡ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕತೆ ಹೇಳಲು ಸರಿಯಾಗಿ ಬರುವುದಿಲ್ಲ. ಬೇಡದ್ದನ್ನೆಲ್ಲ ವಿವರಿಸುತ್ತೇನೆ. ಹೊಟ್ಟೆಗೆ ಹಾಕಿಕೊಳ್ಳಿ, ಮಕ್ಕಳೇ. ಆದರೂ ಹೇಳಲೇಬೇಕಾಗಿ ಬಂತು. ನನ್ನ ಮೊಮ್ಮಗಳು ಚಿತ್ಕಲಾ ದಿನವೂ ತುಳಸಿಗೆ ನೀರು ಹಾಕುವಾಗ ಪಕ್ಕದ ಕುಂಡದ ಲೋಳೆಸರಕ್ಕೂ ಒಂದು ಚೊಂಬು ಸುರಿಯುತ್ತಿದ್ದಳು. ತುಳಸಿಗೆ ಮಾತ್ರ ಹಾಕಿದರೆ ಇದಕ್ಕೆ ಬೇಜಾರಾಗುವುದಿಲ್ಲವೇ ಎನ್ನುತ್ತಿದ್ದಳು. ಈಗ ಲೋಳೆಸರದ ಬುಡ ಮೆತ್ತಗಾಗಿತ್ತು, ಎಲೆ ಹಳದಿಯಾಗಿತ್ತು.

"ತಾತ, ಇದು ಸತ್ತೋಗುತ್ತಾ?" ಎಂದಳು, ಕಣ್ಣು ತುಂಬಿಕೊಂಡು.

"ನೋಡೋಣ ಕಂದಾ. ಮೊದಲು ಇದರ ಕತೆ ಕೇಳು."

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಹಸಿ ಎಂದರೆ ಈಗಷ್ಟೇ ಮಾಡಿಟ್ಟ ಮಡಕೆಯ ಹಾಗೆ, ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು. ಆಗ ಮೋಡ ದಿನವೂ ಇಳಿದು ಬಂದು ಗಿಡಗಳಿಗೆ ನೀರುಣಿಸುತ್ತಿದ್ದಳು. ಎಲ್ಲ ಎಲೆಗಳೂ ತೆಳ್ಳಗಿದ್ದವು. ಲೋಳೆಸರದ್ದೂ ಗರಿಕೆಯಷ್ಟೇ ತೆಳು.

ಒಂದು ದಿನ ಮೋಡ ಹೇಳಿದಳು: "ಸಮುದ್ರದಾಚೆಯ ನೆಲ ಬಾಯಾರಿ ಕೂಗುತ್ತಿದೆ. ಹೊರಟೆ. ಯಾವಾಗ ಬರುತ್ತೇನೋ ತಿಳಿಯದು. ಏನು ಬೇಕೋ ಕೇಳಿಕೊಳ್ಳಿ."

ಆಲದಮರ ಉದ್ದನೆಯ ಬೇರು ಕೇಳಿತು. ಹುಲ್ಲು ನಿದ್ದೆ ಕೇಳಿತು. ಒಣಗಿದ ಹುಲ್ಲು ಸತ್ತಿರುವುದಿಲ್ಲ, ಮಲಗಿರುತ್ತದೆ, ನೋಡಿ. ಬಂಡೆಯ ಮೇಲಿದ್ದ ಲೋಳೆಸರ ಮಾತ್ರ ಸುಮ್ಮನಿತ್ತು.

"ನಿನಗೇನೂ ಬೇಡವೇನೇ ಹುಡುಗಿ?"

"ಬೇರು ಕೇಳಿದರೆ ಕೆಳಗೆ ಕಲ್ಲು, ಅಮ್ಮ. ನಿದ್ದೆ ಹೋದರೆ ನೀನು ಬರುವುದನ್ನು ನೋಡುವವರು ಯಾರು? ನಿನ್ನನ್ನೇ ಒಂದಿಷ್ಟು ಇಟ್ಟುಹೋಗು."

ಮೋಡ ಗುಡುಗುವುದನ್ನೇ ಮರೆತು ನಿಂತಳು. ಆಮೇಲೆ ತನ್ನದೊಂದು ಚೂರನ್ನು ಎಲೆಯೊಳಗೆ ಇಟ್ಟು, ಮೇಲೆ ಮೇಣದಂಥ ಸಿಪ್ಪೆ ಎಳೆದು, ಅಂಚಿಗೆ ಮುಳ್ಳಿನ ಹೊಲಿಗೆ ಹಾಕಿದಳು. "ಬಿಸಿಲಿಗೆ ಬಾಯಿ ತೆರೆಯಬೇಡ" ಎಂದಳು.

ಮೋಡ ಹೋದಳು. ಬಿಸಿಲು ಬಂತು. ಬಿಸಿಗಾಳಿಯೂ ಬಂದು ಅಣಕಿಸಿತು.

"ಏನೇ ಡುಮ್ಮಿ, ಒಳಗೇನು ಬಚ್ಚಿಟ್ಟಿದ್ದೀ? ಒಂದೇ ಒಂದು ಸಲ ಉಸಿರು ಬಿಡು, ನೋಡೋಣ!"

ಲೋಳೆಸರ ಬಾಯಿ ತೆರೆಯಲಿಲ್ಲ.

"ಮೂಕಿಯೇನೇ?"

ಬಾಯಿ ತೆರೆಯಲಿಲ್ಲ. ಕತ್ತಲಾದ ಮೇಲಷ್ಟೇ ಮೆಲ್ಲಗೆ ಉಸಿರಾಡಿತು. ಬಂಡೆ ಕಾದು ಬಿರಿಯಿತು. ಆ ಎಲೆಯೊಳಗೆ ಮಾತ್ರ ಆಕಾಶದ ಒಂದು ಚೂರು ತಣ್ಣಗೆ ನಡುಗುತ್ತಿತ್ತು.

ಮೋಡ ಮರಳಿದಾಗ ಲೋಳೆಸರ ಎಚ್ಚರವಾಗಿಯೇ ಇತ್ತು! ಆ ಸಂತೋಷಕ್ಕೆ ಅವಳು ಸುರಿದಳು, ಸುರಿದಳು, ಸುರಿದೇ ಸುರಿದಳು. ಲೋಳೆಸರದ ಬುಡ ಮೆತ್ತಗಾಯಿತು.

"ಸಾಕಮ್ಮ, ನೀನು ನನ್ನೊಳಗೇ ಇದ್ದೀಯಲ್ಲ!"

ಮೋಡಕ್ಕೆ 'ಸಾಕು' ಎಂದವರು ಲೋಕದಲ್ಲಿ ಅದೇ ಮೊದಲು. ಮೋಡ ನಿಂತಳು. ಅಣಕಿಸಿದ ಗಾಳಿಯೇ ಬಂದು ಬೇರಿನ ತೇವ ಆರಿಸಿತು.

ಅದಕ್ಕೇ ಇಂದಿಗೂ ದೃಷ್ಟಿ ತಾಗದಿರಲೆಂದು ಲೋಳೆಸರವನ್ನು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದರೂ ಅದು ಮಣ್ಣಿಲ್ಲದೆ, ನೀರಿಲ್ಲದೆ, ಎಲೆಯ ತುದಿಯನ್ನು ಮೆಲ್ಲಗೆ ಆಕಾಶದ ಕಡೆಗೇ ತಿರುಗಿಸುತ್ತದೆ.

ಚಿತ್ಕಲಾ ಚೊಂಬು ಕೆಳಗಿಟ್ಟಳು. ಇಬ್ಬರೂ ಗಿಡವನ್ನು ಮೆಲ್ಲಗೆ ಎತ್ತಿದೆವು. ಕೊಳೆತ ಕಪ್ಪು ಬೇರುಗಳ ನಡುವೆ ಒಂದು ಬೇರು ಬೆಳ್ಳಗೆ, ಗಟ್ಟಿಯಾಗಿತ್ತು.

"ತಾತ, ಬದುಕಿದೆ!"

"ಹೂಂ ಕಂದಾ. ಕೊಳೆತದ್ದನ್ನು ತೆಗೆದು ನೆರಳಲ್ಲಿ ಆರಲು ಬಿಡಬೇಕು. ಆಮೇಲೆ ಮರಳು ಬೆರೆಸಿದ ಮಣ್ಣು. ಬೆರಳಿಟ್ಟು ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ನೀರು. ಏಕೆಂದರೆ..."

"ರೀ!" ಒಳಗಿನಿಂದ ನನ್ನ ಹೆಂಡತಿ. "ಒಗ್ಗರಣೆ ಎಣ್ಣೆ ಕೈಗೆ ಸಿಡೀತು! ಲೋಳೆಸರ ಒಂದೆಲೆ ತನ್ನಿ, ಬೇಗ!"

ಬಂದೆ, ಬಂದೆ. ಮಕ್ಕಳೇ, ಎಲೆ ಮುರಿದಾಗ ಒಳಗೆ ತಣ್ಣಗೆ ಹೊಳೆಯುತ್ತದಲ್ಲ, ಅದು ಬರೀ ಲೋಳೆಯಲ್ಲ, ಅದು...