ಬಾಯಿ ಬಿಟ್ಟ ಇರುವೆಗಳು

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಹೈರಾಣಾದವರು ಈ ಇರುವೆಗಳ ಸಂಗತಿ ಕೇಳಬೇಕು.

ಮಳೆಗಾಲ ಹತ್ತಿರ ಬಂದಿತ್ತು. ಗದ್ದೆಯಿಂದ ಎಲ್ಲ ಇರುವೆಗಳೂ ಕಾಳು ಕಚ್ಚಿಕೊಂಡೇ ಹೊರಡುತ್ತಿದ್ದವು, ಗೂಡು ಸೇರುವಾಗ ಬಹಳಷ್ಟು ಬಾಯಿ ಖಾಲಿ. ಕಳ್ಳರು ತನ್ನವರೇ ಇರಬೇಕೆಂದು ಹಿರಿಯ ಇರುವೆಗೆ ಸಂಕಟವಾಯಿತು. ಅದು ಏಡಿಯನ್ನು ಕರೆಸಿತು.

“ಒಬ್ಬರು ನಡೆಯಲಿ, ಉಳಿದವರು ನಿಲ್ಲಲಿ,” ಎಂದಿತು ಏಡಿ. ಆ ಒಂದು ಇರುವೆಯನ್ನು ಹೆಜ್ಜೆಹೆಜ್ಜೆಗೂ ತಡೆದು ಬಾಯಿ ನೋಡಿತು. ಕಾಳು ಭದ್ರವಾಗಿ ಗೂಡು ಸೇರಿತು. “ತಪ್ಪೇನೂ ಇಲ್ಲ.”

ಮರುದಿನ ಮತ್ತೆ ಕಾಳು ಮಾಯ. ಈ ಸಲ ಹಿರಿಯ ಇರುವೆ ಬಸವನಹುಳುವನ್ನು ಕರೆಸಿತು.

“ನಾನು ಯಾರನ್ನೂ ತಡೆಯುವುದಿಲ್ಲ,” ಎಂದಿತು ಬಸವನಹುಳು. “ದಾರಿಗೆ ತೆಳ್ಳಗೆ ಲೋಳೆ ಬಳಿದಿರುತ್ತೇನೆ. ದಿನದಂತೆ ಓಡಾಡಿ.”

ಸಂಜೆ ಹಿರಿಯ ಇರುವೆ ಹೆಜ್ಜೆ ಗುರುತು ನೋಡಿತು. ದಾರಿಯ ನಡುವಿನ ಸೀಳುಕಲ್ಲಿನವರೆಗೆ ಭಾರದ ಹೆಜ್ಜೆ, ಆಮೇಲೆ ಹಗುರ. ಹೋಗುವವರೂ ಬರುವವರೂ ಎದುರಾಗುವುದು ಅಲ್ಲೇ. ಮರ್ಯಾದಸ್ಥ ಇರುವೆಗಳು, ಬಾಯಿ ಬಿಟ್ಟು “ಚೆನ್ನಾಗಿದ್ದೀರಾ” ಎಂದು ಕೇಳದೆ ಮುಂದೆ ಹೋಗುವುದಿಲ್ಲ.

ಏಡಿ ಆ ಸೀಳನ್ನು ಕೆರೆಯಿತು. ಕಾಳಿನ ರಾಶಿಯೇ ಹೊರಬಂತು.

“ನೋಡಿ, ಒಂದೇ ಸಲ ಕೆರೆದೆ,” ಎಂದಿತು.

“ಹೌದು ಏಡಿಯವರೇ,” ಎಂದಿತು ಬಸವನಹುಳು. “ನಿನ್ನೆಯಾಗಿದ್ದರೆ ಎಲ್ಲಿ ಕೆರೆಯುತ್ತಿದ್ದಿರಿ?”

ಏಡಿ ತನ್ನ ಅಭ್ಯಾಸದಂತೆ ಪಕ್ಕಕ್ಕೆ ಸರಿಯಿತು.